ತಾಸಿನ ಲೆಕ್ಕ

ಪ್ರಯೋಗಶಾಲೆಯ ಖರಾಡೆ ಮಾಮಾ
ಗಾಜಿನ ಸ್ಲೈಡು ಎಣಿಸುತ್ತಿದ್ದಾರೆ ಮರಾಠಿಯಲ್ಲಿ,
ನಾನು ಜರ್ನಲ್ಲು ಎಣಿಸುತ್ತಿದ್ದೇನೆ ಕನ್ನಡದಲ್ಲಿ.
ಐವತ್ತರ ಹತ್ತಿರ ಇಬ್ಬರೂ ತಪ್ಪಿದೆವು.
ಮತ್ತೆ ಒಂದರಿಂದ.

ಹಡಪ್ಸರದ ಏಪ್ರಿಲ್. ಫ್ಯಾನು ಬಿಸಿಗಾಳಿಯನ್ನೇ
ಮೇಲಿಂದ ತೆಗೆದು ಕೆಳಗೆ ಹಾಕುತ್ತದೆ.
ಐದಕ್ಕೆ ಪೋರ್ಟಲ್ ಮುಚ್ಚುತ್ತದಂತೆ.
ಅಷ್ಟರೊಳಗೆ ಅರವತ್ತೆರಡು ಮಕ್ಕಳಿಗೆ
ಹತ್ತಕ್ಕೆ ಇಷ್ಟೆಂದು ತುಂಬಬೇಕು.
ಬೋಸೇಕರ್ ಮೇಡಂ ಎರಡು ಸಲ ಇಣುಕಿ ಹೋದರು:
ಆರರ ಕೆಳಗೆ ಯಾರಿಗೂ ಬೇಡ,
ಒಂಬತ್ತರ ಮೇಲೂ ಬೇಡ, ಕಾರಣ ಬರೆಯಬೇಕಾಗುತ್ತದೆ.

ನಾನು ಇಲ್ಲಿ ತಾಸಿನ ಲೆಕ್ಕದವಳು.
ತಾಸಿಗೆ ಇಷ್ಟು. ಗಂಟೆ ಹೊಡೆದ ಮೇಲೆ
ಹೇಳಿದ್ದೆಲ್ಲ ಪುಕ್ಕಟೆ.
ರಜೆಗೆ ಇಲ್ಲ, ಸಂಸ್ಥಾಪಕರ ಜಯಂತಿಗೆ ಇಲ್ಲ,
ಪ್ರಾಂಶುಪಾಲರ ಅತ್ತೆ ತೀರಿಕೊಂಡ ದಿನಕ್ಕೆ ಇಲ್ಲ,
ಜರ್ನಲ್ಲು ತಿದ್ದುವ ಈ ಮಧ್ಯಾಹ್ನಕ್ಕೂ.

ಹದಿನಾಲ್ಕನೆಯ ಪ್ರಯೋಗ: ಗುಲ್‌ಮೊಹರ್.
ಎಸಳು ಐದು, ಒಂದಕ್ಕೆ ಮಾತ್ರ ಬಿಳಿ ಮಚ್ಚೆ.
ಕೇಸರ ಐದು.
ರೈಟು. ರೈಟು. ಪುಟ ಮಗುಚು. ರೈಟು.
ತೇಜಲ್ ಘೋಡ್ಕೆಯವು ಬೆಂಕಿಕಡ್ಡಿಯ ಹಾಗೆ ನೆಟ್ಟಗೆ,
ಅವಳದನ್ನು ನೋಡಿ ಬರೆದವನವೂ ನೆಟ್ಟಗೆ.
ಹಿಂದಿನ ಬೆಂಚಿನ ಮೂವರು ಒಬ್ಬನಿಂದಲೇ ಬರೆಸಿ
ಅವನಿಗೆ ಮಿಸಳ್ ತಿನ್ನಿಸಿದ್ದಾರೆ; ಎಣ್ಣೆಯ ಕಲೆ
ಹೂವಿಗಿಂತ ಹೂವಿನ ಬಣ್ಣ.

ನೌಶೀನ್ ಅತ್ತಾರಳದು ಹತ್ತು.
ಕೈ ತಾನಾಗಿ ಹೋಯಿತು. ಕೆಂಪು ಗೀಟು,
ಪಕ್ಕದಲ್ಲಿ ನನ್ನ ಅಕ್ಷರ: ಐದು.
ಅರ್ಧ ಅಂಕ ಕಳೆದೆ.

ಮುಂದಿನ ಜರ್ನಲ್ಲು ತೆಗೆಯುವಾಗ
ಬೆರಳಿಗೆ ನೆನಪಾಯಿತು, ನನಗಿಂತ ಮೊದಲು.

ನಿಪ್ಪಾಣಿಯ ಮುನಸಿಪಾಲ್ಟಿ ಶಾಲೆಯ ಹಿಂದೆ
ನಾನೂ ತಂಗಿಯೂ ಈ ಹೂವಿನ ಕೇಸರ ಕಿತ್ತು
ತಲೆಗೆ ತಲೆ ಕೊಂಡಿ ಹಾಕಿ ಎಳೆಯುತ್ತಿದ್ದೆವು.
ಯಾರದರ ತಲೆ ಹಾರಿತೋ ಅವರ ಕೋಳಿ ಸತ್ತ ಹಾಗೆ.
ಒಂದು ಹೂವಿಗೆ ನನಗೈದು ಕೋಳಿ, ಅವಳಿಗೈದು.
ನಮ್ಮ ನಡುವೆ ಜಗಳವಿಲ್ಲದೆ ಹಂಚಿಕೆಯಾಗುತ್ತಿದ್ದದ್ದು
ಅದೊಂದೇ.

ಫೆಬ್ರುವರಿಯಲ್ಲಿ ಮರದ ತುಂಬ ಒಣ ಕಾಯಿ.
ಹೂವಿಲ್ಲದೆ, ಬೋರ್ಡಿನ ಮೇಲೆ ನೆನಪಿನಿಂದ ಬರೆಯುತ್ತಿದ್ದೆ,
ಐದರವರೆಗೆ ಬಂದಿದ್ದೆ, ಗಂಟೆ ಹೊಡೆಯಿತು.
ಮುಂದಿನ ತಾಸು ಲೋಣಿಯ ಕಾಲೇಜಿನಲ್ಲಿ,
ಬಸ್ಸು ತಪ್ಪಿದರೆ ತಾಸೂ ತಪ್ಪಿತು.
ಉಳಿದದ್ದು ನಾಳೆ, ಅಂದೆ.
ನಾಳೆಯ ಆ ತಾಸು ಪ್ರಾಣಿಶಾಸ್ತ್ರದವರದು.
ಅರ್ಧ ಹೂವು ಬೋರ್ಡಿನಿಂದ ಇಳಿದು
ಅರವತ್ತೊಂದು ಮನೆಗೆ ಹೋಗಿ
ಬಣ್ಣ ಬಳಿಸಿಕೊಂಡು, ಹೆಸರು ಬರೆಸಿಕೊಂಡು
ವಾಪಸು ಬಂದು ಕೂತಿದೆ ಮೇಜಿನ ಮೇಲೆ.
ಯಾರದೂ ತಪ್ಪಲ್ಲ, ಹೇಳಿದ ಹಾಗೆ ಬರೆದಿದ್ದಾರೆ.

ಅವಳ ಪುಟ ಮತ್ತೆ ತೆರೆದೆ.
ರಬ್ಬರಿನಿಂದ ಉಜ್ಜಿ ಮಬ್ಬಾದ ಐದರ ಮೇಲೆ
ಹೊಸದಾಗಿ ಹತ್ತು, ತುದಿ ಸ್ವಲ್ಪ ಬಾಗಿಸಿ.
ಅಂಚಿನಲ್ಲಿ ಪೆನ್ಸಿಲು:
'ಗೇಟಿನ ಮರ, ಏಪ್ರಿಲ್ ಹದಿನೇಳು. ಮೂರು ಹೂವು ನೋಡಿದೆ.'
ಅಷ್ಟೇ. ಮೇಡಂ ಎಂಬ ಶಬ್ದವಿಲ್ಲ, ತಪ್ಪು ಎಂಬುದೂ.

ಕೆಂಪು ಶಾಯಿ ಅಳಿಸಲು ಬರುವುದಿಲ್ಲ.
ಖರಾಡೆ ಮಾಮಾನ ಬ್ಲೇಡು ಇಸಿದುಕೊಂಡು ಕೆರೆದೆ,
ಕಾಗದ ತೂತಾಯಿತು. ತೂತಿನ ಪಕ್ಕ ಸಹಿ ಮಾಡಿ
ಒಂಬತ್ತೂವರೆ ಕೊಟ್ಟೆ.
ಪೋರ್ಟಲ್ಲು ಕಾರಣ ಕೇಳಿತು, ಐವತ್ತು ಅಕ್ಷರ ಮೀರದಂತೆ.
ಎಣಿಸಿದ್ದಾಳೆ, ಎಂದು ತುಂಬಿದೆ.

ಆಫೀಸಿನಲ್ಲಿ ನನ್ನ ತಾಸು ನೂರಾ ಹದಿನೆಂಟು,
ಕಾರಕೂನನ ಪ್ರಕಾರ ನೂರಾ ಹದಿನಾರು.
ಪಾನ್ ಅಗಿಯುತ್ತ ಹೇಳಿದ: ಜೂನ್‌ನಲ್ಲಿ ಹೊಸ ಜಾಹೀರಾತು ಬರುತ್ತೆ,
ಮತ್ತೆ ಅರ್ಜಿ ಹಾಕಿ, ಫೋಟೋ ಎರಡು.

ಗೇಟಿನ ಹತ್ತಿರ ಒಂದು ಹೂವು ಹೆಕ್ಕಿದೆ.
ತಂಗಿ ಸಾಂಗ್ಲಿಯಲ್ಲಿ. ಫೋನು ಮಾಡಿದರೆ
ಯಾಕೆ, ಏನಾಯಿತು, ಅನ್ನುತ್ತಾಳೆ.
ಬಲಗೈಗೊಂದು ಕೋಳಿ, ಎಡಗೈಗೊಂದು.
ಬಸ್ಸು ಬರುವುದರೊಳಗೆ
ಬಲಗೈ ಸೋತಿತು.