ಅಜ್ಜಿಗೆ ದಡಾರ ಬರಲಿಲ್ಲ

ಆ ಬೇಸಿಗೆ ನಮ್ಮ ಫ್ಯಾರೋ ದ್ವೀಪಕ್ಕೆ
ಡೆನ್ಮಾರ್ಕಿನ ಹಡಗು ಹಿಟ್ಟಿನ ಜೊತೆ ದಡಾರವನ್ನೂ ಇಳಿಸಿತು.
ಹುಲ್ಲು ಕೊಯ್ಯುವವರಿಲ್ಲ, ದೋಣಿಗೆ ಹುಟ್ಟು ಹಾಕುವವರಿಲ್ಲ,
ಮನೆಮನೆಯಲ್ಲೂ ಕೆಮ್ಮು.

ನನಗಾಗ ಒಂಬತ್ತು. ಮನೆಯಲ್ಲಿ ಕನ್ನಡಿ ಇರಲಿಲ್ಲ;
ತಮ್ಮ ಯಾಕುಪನ ಬೆನ್ನು ನೋಡಿ
ನನ್ನ ಬೆನ್ನು ಹೇಗಿದೆಯೆಂದು ತಿಳಿದೆ:
ಒಳಗಿನ ಕಾದಾಟ
ಚರ್ಮಕ್ಕೆ ಬಂದು ಕೆಂಪಾಗಿತ್ತು.

ಸುನ್ನುವಾ ಅಜ್ಜಿ ಮಾತ್ರ ಎದ್ದು ಓಡಾಡುತ್ತಿದ್ದಳು.
ನಮ್ಮ ಬೆವರೊರೆಸಿದ ಬಟ್ಟೆಯಲ್ಲೇ ಮುಖ ಒರೆಸಿಕೊಂಡು,
ಯಾಕುಪ ಉಳಿಸಿದ ಹಾಲನ್ನು
"ಹಸು ಬಿಟ್ಟಿ ಕೊಡುತ್ತದೆಯೇ?" ಎಂದು ತಾನೇ ಕುಡಿದು.

ಪಾದ್ರಿ ಎಂದರು, ಪ್ರಾರ್ಥನೆಯ ಫಲ.
ನೆರೆಯ ಮಾರಿನ್ ಎಂದಳು, ಒಣ ತೊಗಲು, ಯಾವ ರೋಗ ಹೊಕ್ಕೀತು?
ಸುಳ್ಳು. ಆ ತೊಗಲಿಗೆ ನೂರು ಕಂಡಿ.
ಪಫಿನ್ ಹಕ್ಕಿ ಸುಲಿಯುವಾಗ
ಚಾಕು ಹೆಬ್ಬೆರಳಿಗೆ ಇಳಿದದ್ದು ನಾನೇ ಕಂಡಿದ್ದೆ.
ಉಣ್ಣೆ ಸುತ್ತಿದಳು. ಊದಿತು, ಬಿಸಿಯಾಯಿತು,
ವಾರದೊಳಗೆ ಹಕ್ಕಳೆ ತಾನೇ ಉದುರಿತು.

ಅಜ್ಜಿ ಅಂದದ್ದು ಇಷ್ಟೇ:
"ಆರು ವರ್ಷದವಳಿದ್ದಾಗ ನನಗೂ ಬಂದಿತ್ತಂತೆ.
ನೆನಪಿಲ್ಲ."

ಅಜ್ಜನ ದೋಣಿಯ ಹೆಸರು ಮರೆತವಳು,
ಹೆಣಿಗೆಯ ಕಡ್ಡಿಯನ್ನು ಜಡೆಗೆ ಸಿಕ್ಕಿಸಿಕೊಂಡು
ಮನೆಯೆಲ್ಲ ಹುಡುಕುವವಳು.
ಅರವತ್ತೈದು ಚಳಿಗಾಲ
ಅವಳ ರಕ್ತದಲ್ಲಿ ಯಾರೋ ನಿದ್ದೆಗೆಟ್ಟು ಕೂತಿದ್ದರು,
ಒಂದೇ ಒಂದು ಮುಖದ ಗುರುತಿಟ್ಟುಕೊಂಡು.

ಯಾಕುಪನನ್ನು ಮಣ್ಣು ಮಾಡಿ ಬಂದ ಸಂಜೆ
ಅಜ್ಜಿ ನನ್ನ ತೋಳು ಸವರಿದಳು.
ಹಳೆಯ ಚರ್ಮ ಹೊಟ್ಟಿನಂತೆ ಉದುರಿ
ಅವಳ ಮಡಿಲಿಗೆ ಬಿತ್ತು.
"ಇನ್ನು ನೀನು ಮರೆತರೂ ನಡೆಯುತ್ತದೆ" ಎಂದಳು,
ದಡಾರವನ್ನು.