ಎಳೆ ಸೊಟ್ಟ

"ಎಳೆ ಸೊಟ್ಟ ಬರ್ತಿದೆ, ಗಂಗರತ್ನ"
ಅಂದರು ಮಕ್ಬೂಲ್ ಸಾಬ್ರು, ಸೋಮವಾರ.
ನೋಡಿದೆ. ಕುದಿನೀರಿನ ಬೇಸಿನ್ನಿಂದ ರಾಟೆಗೆ
ನೆಟ್ಟಗೆ ಹತ್ತುತ್ತಿತ್ತು ರೇಷ್ಮೆ,
ಬಾವಿಗೆ ಬಿಟ್ಟ ಹಗ್ಗದ ಹಾಗೆ.
ಮಾತಾಡಲಿಲ್ಲ. ಕೂಲಿ ಅವರ ಕೈಲಿತ್ತು,
ಆ ಕೈಲೇ ಬೀಡಿಯೂ ಇತ್ತು.

ಬುಧವಾರ ಮತ್ತೆ, "ಸೊಟ್ಟ."
ಹದಿನೆಂಟು ವರ್ಷ ಇಲ್ಲೇ ಕೂತು
ಬೆಂದು ಬಿಳುಚಿದ ಹೆಬ್ಬೆಟ್ಟು ನನ್ನದು, ಒಂದು ಗೆರೆಯಿಲ್ಲ.
ರೇಷನ್ ಅಂಗಡಿ ಮಿಷನ್ನಿಗೆ ನನ್ನ ಗುರುತೇ ಸಿಗೋದಿಲ್ಲ.
ಎಳೆಗೆ ಸಿಗುತ್ತೆ.

ಶಿಡ್ಲಘಟ್ಟದಲ್ಲಿ ಗೂಡು ನೋಡೋ ಕಣ್ಣು ಅಂದರೆ ಅವರದು.
ಮಾರ್ಕೆಟ್ಟಿನಲ್ಲಿ ಲಾಟಿಗೆ ಕೈ ಹಾಕದೆ,
ಮಾರು ದೂರ ನಿಂತು, ತುಟಿಯಲ್ಲಿ ಬೀಡಿ,
"ಇದರಲ್ಲಿ ಸತ್ತ ಹುಳ ಜಾಸ್ತಿ" ಅನ್ನುವರು.
ಬಿಚ್ಚಿದರೆ ಹಾಗೇ ಇರುತ್ತಿತ್ತು.
ಈಗ ಎದುರು ನಿಂತವರ ಕಿವಿ ಕಾಣುತ್ತಂತೆ,
ಮೂಗು ಇಲ್ಲವಂತೆ.

ಉರ್ದು ಶಾಲೆಯಲ್ಲಿ ಕಣ್ಣಿನ ಕ್ಯಾಂಪು.
ಕೈ ಹಿಡಿದು ಕರೆದುಕೊಂಡು ಹೋದವಳು ನಾನೇ.
ಡಾಕ್ಟರ್ ಹುಡುಗಿ ಚೌಕಳಿ ಕಾಗದ ಹಿಡಿದಳು.
"ಒಂದು ಕಣ್ಣು ಮುಚ್ಚಿ, ನಡುವಿನ ಚುಕ್ಕೆ ನೋಡಿ."
"ಚುಕ್ಕೆ ಎಲ್ಲಿ?"
"ಗೆರೆಗಳು ಹೇಗಿವೆ?"
ಸಾಬ್ರು ತಡೆದರು. ನನ್ನ ಕಡೆ ಕತ್ತು ತಿರುಗಿಸಿ,
ಮೆಲ್ಲಗೆ,
"ಸೊಟ್ಟ."

"ದಿನಕ್ಕೆ ಎಷ್ಟು ಸೇದ್ತೀರಿ?"
"ನಾಲ್ಕೋ ಐದೋ."
ಎರಡು ಬೆರಳು ಗೂಡಿನಷ್ಟೇ ಹಳದಿ.
ಅವನ್ನೇ ನೋಡುತ್ತ ಅವಳು ಬೇರೆ ಲೆಕ್ಕ ಬರೆದಳು.
"ಹೊಗೆ ಎದೆಗೆ ಅಂತಿದ್ರು. ಕಣ್ಣಿಗೆ ಎಲ್ಲಿಂದ ದಾರಿ?"
"ರಕ್ತ ಹೋಗೋ ಕಡೆಯೆಲ್ಲ ದಾರಿನೇ, ತಾತ."
ಹೋದ ನೋಟ ಬರೋದು ಕಷ್ಟವಂತೆ.
ಬೀಡಿ ಬಿಟ್ಟರೆ
ಉಳಿದದ್ದು ಇನ್ನಷ್ಟು ದಿನ ಉಳಿಯಬಹುದಂತೆ.
ತಾತ ಅಂದದ್ದಕ್ಕೇ ಅವರಿಗೆ ಬೇಜಾರಾದ ಹಾಗಿತ್ತು.

ಮಾರನೆಯ ದಿನ ನನ್ನ ಬೇಸಿನ್ನಿನ ಹತ್ತಿರ ಬಂದು
ಎರಡೂ ಕಣ್ಣು ಮುಚ್ಚಿ
ಓಡುವ ಎಳೆಯನ್ನು ಉಗುರಿನ ಮೇಲೆ ಹಾಯಿಸಿಕೊಂಡರು.
"ಸರಿಯಾಗಿದೆ" ಅಂದರು.
ತಪ್ಪಾಯ್ತು ಅನ್ನಲಿಲ್ಲ. ಅದೇ ಇರಬೇಕು ಅದು.
ಕಿವಿಯ ಸಂದಿಗೆ ಕೈ ಹೋಯಿತು, ಅಲ್ಲಿ ಬೀಡಿ ಇರಲಿಲ್ಲ,
ಕೈ ಸುಮ್ಮನೆ ಅಲ್ಲೇ ಇತ್ತು.

ಡಾಕ್ಟರ್ ಹುಡುಗಿಯನ್ನು ಒಂದು ಮಾತು ಕೇಳಬೇಕಿತ್ತು, ಮರೆತೆ:
ಸೇದುವವರ ಪಕ್ಕ ಹದಿನೆಂಟು ವರ್ಷ
ಕೂತವರದು ಹೇಗೆ?

ರಾತ್ರಿ ಮನೆಯಲ್ಲಿ, ಮಕ್ಕಳು ಮಲಗಿದ ಮೇಲೆ,
ಒಂದು ಕಣ್ಣು ಮುಚ್ಚಿ ಕಿಟಕಿಯ ಸರಳು ನೋಡಿದೆ.
ನೆಟ್ಟಗಿದ್ದವು.
ಇನ್ನೊಂದು ಕಣ್ಣು ಮುಚ್ಚೋದಕ್ಕೆ
ಸ್ವಲ್ಪ ಹೊತ್ತು ಹಿಡಿಯಿತು.