ಹನಗೋಡು ಅಣೆ, ಷರಾ

ಬೆಳಿಗ್ಗೆ ಆರಕ್ಕೆ ಅಳತೆಗೋಲು ಓದುವುದು ನನ್ನ ಕೆಲಸ.
ಮಾರ್ಗಶಿರಕ್ಕೇ ಎರಡಡಿ.
ಮೊದಲಾದರೆ ಶಿವರಾತ್ರಿ ಕಳೆದ ಮೇಲಿನ ಅಂಕಿ.

ಇವತ್ತು ಅಣೆಯ ಕಲ್ಲಿನ ಮೇಲೊಂದು ನೀರುನಾಯಿ,
ಬಾಯಲ್ಲಿ ಏಡಿ. ನನ್ನ ನೋಡಿಯೂ ಓಡಲಿಲ್ಲ.

“ಇದು ಬ್ರಹ್ಮಗಿರಿ ನೆತ್ತಿಯದು, ಪುಟ್ಟ ಉಗುರಿನದು,”
ಬೊಳ್ಳಮ್ಮ ಸೌದೆ ಇಳಿಸಿದಳು.
“ತಣ್ಣೀರು ಬಿಟ್ಟು ಇಳಿಯೋದಲ್ಲ.
ಮೇಲೆ ಹುಲ್ಲಿನ ಬೇರು ತಡೆದು ತಡೆದು ಬಿಡ್ತಿದ್ದ ನೀರು
ಈಗ ನಾಲ್ಕೇ ದಿನಕ್ಕೆ ಧೋ ಅಂತ ಬಂದು ಮುಗೀತದೆ.
ಆಮೇಲೆ ಬರೀ ಕಲ್ಲು.”

ಆ ನಾಲ್ಕು ದಿನ ನನಗೂ ಗೊತ್ತು:
ಆಗಸ್ಟಿನಲ್ಲಿ ಕೋಲೇ ಮುಳುಗಿ
ಪುಟದ ಮನೆಗಳು ಇನ್ನೂ ಖಾಲಿ.

ರಿಜಿಸ್ಟರಿನ ಕೊನೆಗೆ ‘ಷರಾ’ ಅಂತೊಂದು ಕಾಲಂ.
ಹದಿನೇಳು ವರ್ಷ ಅದನ್ನು ಮುಟ್ಟಿದವನಲ್ಲ.
ಬರೆದೆ: ಮೇಲಿನಿಂದ ಒಂದು ಬಂದಿದೆ.

ಮಧ್ಯಾಹ್ನ ಮೈಸೂರಿನಿಂದ ಫೋನು:
“ಏನ್ರೀ ಒಂದು? ಅಡಿಯೋ, ಕ್ಯೂಸೆಕ್ಕೋ?”